ಹಿಂದಿನ ಚಕ್ರದ ಮಾಸ್ತರರು

ಆ ಭಾನುವಾರ ಬೆಳಿಗ್ಗೆ ವಡೋದರಾದ ಹೊರವಲಯದ ಖಾಲಿ ರಸ್ತೆಯಲ್ಲಿ ನಾವು ಇದ್ದದ್ದು ಏಳು ಜನ. ಅಹ್ಮದಾಬಾದಿನ ನರೋಡಾದಿಂದ ಬಂದಿದ್ದ ಕಾರಿನ ಬಿಡಿಭಾಗದ ಕಾರ್ಖಾನೆಯ ಶೇಠರು. ಅವರ ಹಿಂದೆ ಫೈಲು ಹಿಡಿದ ಅವರ ಎಂಜಿನಿಯರು. ಪೇಟೆಯಲ್ಲಿ ಉಡುಪಿ ಹೋಟೆಲು ನಡೆಸುತ್ತಿದ್ದ ನನ್ನ ಸೋದರಮಾವ. ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದ ಮಾವನ ಮಗಳು ಹೇಮಾ. ಮುಚ್ಚಳ ಹಾಕಿದ ಎರಡು ಸ್ಟೀಲು ಪಾತ್ರೆಗಳ ನಡುವೆ ಕುಕ್ಕುರುಗಾಲಲ್ಲಿ ಕೂತಿದ್ದ ನಮ್ಮ ಅಡುಗೆಯ ಭಟ್ಟರು. ಕಾರಿನೊಳಗೆ ಸ್ಟಿಯರಿಂಗ್ ಹಿಡಿದು ಬೆವರುತ್ತಿದ್ದ ನಾನು. ಏಳನೆಯವರು ಮಾಸ್ತರರು. ಅವರು ರಸ್ತೆಯ ಮೇಲೆ ಬೋರಲು ಹಾಕಿದ್ದ ಎಣ್ಣೆ ಡಬ್ಬಗಳ ನಡುವಿನ ಅಂತರವನ್ನು ಹೆಜ್ಜೆಯಲ್ಲಿ ಅಳೆಯುತ್ತಿದ್ದರು. ಹಿಂದಿನ ಸಂಜೆಯೇ ಅಳೆದಾಗಿತ್ತು. ಆಮೇಲೆ ಎಮ್ಮೆಗಳು ಬಂದು ಡಬ್ಬ ಸರಿಸಿರಬಹುದೆಂದು ಅವರಿಗೆ ಸಂಶಯ.

ಆ ತಿಂಗಳ ಕೊನೆಗೆ ಅವರ ನಿವೃತ್ತಿ. ಅವರಿದ್ದ ಎಂಜಿನಿಯರಿಂಗ್ ಕಾಲೇಜಿನ ವರ್ಕ್‌ಶಾಪಿನ ಹಿಂದಿದ್ದ ಅವರ ತಗಡಿನ ಶೆಡ್ಡು ಬೇರೆ ಕೆಲಸಕ್ಕೆ ಬೇಕೆಂದು ಮೇಲಿನವರು ಹೇಳಿಯಾಗಿತ್ತು. ಶೇಠರು ಹೂಂ ಎಂದರೆ ಕಾರು ನರೋಡಾಕ್ಕೆ ಹೋಗುತ್ತದೆ, ಕಾರಿನ ಜೊತೆ ಮಾಸ್ತರರೂ ಹೋಗುತ್ತಾರೆ. ಉಹೂಂ ಎಂದರೆ ಮೂರು ವರ್ಷದ ಕೆಲಸ ಗುಜರಿಗೆ. ಇಷ್ಟು ನಮಗೆಲ್ಲ ಗೊತ್ತಿತ್ತು. ಬೇರೆ ಏನು ಗೊತ್ತಿತ್ತೆಂದು ಇವತ್ತು ಕೇಳಿದರೆ ನನಗೆ ತಡವರಿಸುವ ಹಾಗಾಗುತ್ತದೆ.

ಮಾಸ್ತರರು ತೀರಿಕೊಂಡು ಈಗ ಒಂದೂವರೆ ತಿಂಗಳು. ಅವರ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ಕೂತರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದೇ ಹೊಳೆಯುವುದಿಲ್ಲ. ಅವರು ಎಲ್ಲಿ ಓದಿದರು, ಧಾರವಾಡ ಬಿಟ್ಟು ಗುಜರಾತಿಗೆ ಯಾಕೆ ಬಂದರು, ಅದೆಲ್ಲ ನಾನು ಕೇಳಿದವನಲ್ಲ. ನನಗೆ ಗೊತ್ತಿರುವುದು ಅವರ ಕೈ. ಏನು ಕೇಳಿದರೂ ಮೊದಲು ಬಲಗೈಯನ್ನು ಮಟ್ಟವಾಗಿ ಚಾಚಿ, ಅಂಗೈಯನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ವಾಲಿಸುತ್ತಿದ್ದರು. ಚಹಾವೋ ಕಾಫಿಯೋ ಎಂದರೂ ಅದೇ. ಹೋಟೆಲಿನಲ್ಲಿ ಅವರು ಕೈ ಚಾಚಿದರೆಂದರೆ ಮಾವ ಗಲ್ಲೆಯಿಂದಲೇ ಕೂಗುತ್ತಿದ್ದರು: "ಕೈ ನಿಲ್ಲುವ ತನಕ ಯಾರೂ ಹೋಗಬೇಡಿ, ಆರ್ಡರ್ ಇನ್ನೂ ಹುಟ್ಟಲಿಲ್ಲ."

ನಮ್ಮ ಹೋಟೆಲಿನ ಸಾಂಬಾರಿಗೆ ಬೆಲ್ಲ ಬೀಳುತ್ತಿತ್ತು. ಊರಿನ ಗಿರಾಕಿಗೆ ಅದೇ ಬೇಕು. ಮಾಸ್ತರರು ಮೊದಲ ಸಲ ಬಾಯಿಗಿಟ್ಟು, "ಯಾರದರ ಮದವಿ ಇತ್ತೇನು? ಪಾಯಸಕ್ಕ ತೊಗರಿಬ್ಯಾಳಿ ಹಾಕ್ಯಾರಲ್ಲ!" ಅಂದಿದ್ದರು. ಆವತ್ತಿನಿಂದ ಭಟ್ಟರು ಅವರಿಗೆ ಒಳಗಿನವರ ಸಾರು ಕೊಡುತ್ತಿದ್ದರು. ತೆಳ್ಳಗೆ, ಖಾರವಾಗಿ, ಅರಿಸಿನ ಚೆನ್ನಾಗಿ ಬಿದ್ದದ್ದು. ಈ ಸಾರನ್ನು ನೆನಪಿಡಬೇಕು.

ನಾನು ಮಾವನ ವ್ಯಾನು ಓಡಿಸುತ್ತಿದ್ದೆ. ವಡೋದರಾದ ಅಡುಗೆಮನೆಯಿಂದ ಅಹ್ಮದಾಬಾದಿಗೆ, ಸೂರತ್ತಿಗೆ, ಕೆಲವೊಮ್ಮೆ ಹಜೀರಾದ ಕಂಪನಿ ಕಾಲನಿಗಳ ತನಕ ಮದುವೆ ಮುಂಜಿಯ ಊಟ ಸಾಗಿಸುವುದು ಕೆಲಸ. ಒಮ್ಮೆ ಮಾಸ್ತರರ ಕಾಲೇಜಿನ ಸಮಾರಂಭಕ್ಕೆ ಊಟ ಒಯ್ದಿದ್ದೆ. ಹಿಂಬಾಗಿಲು ತೆಗೆಯುವಾಗ ಎಣ್ಣೆ ಮೆತ್ತಿದ ಅಂಗಿಯ ಒಬ್ಬರು ಬಂದು ಒಳಗೆ ಇಣುಕಿದರು. ಬಾಯಿ ತನಕ ತುಂಬಿದ ಪಾತ್ರೆ, ಕೆಳಗೆ ಒಂದು ಹನಿ ಇಲ್ಲ.

"ಹೆಂಗ ತಂದೀಪಾ ಇದನ್ನ?"

"ಓಡಿಸಿಕೊಂಡು ಬಂದೆ."

"ಅದು ಕಾಣಸ್ತದ. ಹೊಳ್ಳೂಮುಂದ ಏನ್ ಮಾಡ್ತಿ?"

ತಿರುವಿಗೆ ಮೊದಲೇ ವೇಗ ಬಿಡುತ್ತೇನೆ, ಸ್ಟಿಯರಿಂಗನ್ನು ಒಂದೇ ಸಲ ಎಳೆಯದೆ ಎರಡು ಕಂತಿನಲ್ಲಿ ತಿರುಗಿಸುತ್ತೇನೆ, ಮೊದಲ ಕಂತಿಗೆ ಸಾರು ವಾಲಿ ವಾಪಸು ಬರುವ ಹೊತ್ತಿಗೆ ಎರಡನೆಯದು ಎಂದೆ. ಅವರು ನನ್ನ ಮುಖವನ್ನೇ ನೋಡಿದರು.

"ಎಷ್ಟು ಓದೀ?"

"ಎಸ್ಸೆಸ್ಸೆಲ್ಸಿ ಫೇಲು."

"ಛಲೋ ಆತು. ಭಾನುವಾರ ಬಾ."

ಹೀಗೆ ನಾನು ಅವರ ಚಾಲಕನಾದೆ. ಹೇಮಾ ಮೊದಲೇ ಅವರ ಜೊತೆ ಇದ್ದಳು. ಕಂಪ್ಯೂಟರಿಗೆ ಪಾಠ ಹೇಳುವ ಕೆಲಸ ಅವಳದು.

ಕಾರು ಒಂದು ಹಳೆಯ ಪೆಟ್ಟಿಗೆಯಂಥ ಕಾರು. ಅದರ ಹಿಂದಿನ ಚಕ್ರಗಳೂ ಮುಂದಿನವುಗಳ ಹಾಗೆ ಎಡಬಲ ತಿರುಗುವಂತೆ ಮಾಸ್ತರರು ಮಾಡಿದ್ದರು. ತಿರುಗಿಸಲು ಒಂದು ಮೋಟಾರು, ಮೋಟಾರಿಗೆ ಅಪ್ಪಣೆ ಕೊಡಲು ಹಿಂದಿನ ಸೀಟಿದ್ದ ಜಾಗದಲ್ಲಿ ಹಗ್ಗ ಬಿಗಿದು ಕೂರಿಸಿದ ಕಂಪ್ಯೂಟರಿನ ಡಬ್ಬಿ. ಆ ಮೋಟಾರು ತರಲು ಮಾಸ್ತರರೂ ನಾನೂ ಸೂರತ್ತಿನ ಕತಾರ್‌ಗಾಮ್‌ಗೆ ಹೋಗಿದ್ದೆವು. ಸೀರೆಗೆ ಕಸೂತಿ ಹಾಕುವ ಕಂಪ್ಯೂಟರ್ ಯಂತ್ರಗಳು ಆಗ ಅಲ್ಲಿ ಹೊಸದಾಗಿ ಬಂದಿದ್ದವು. ಕೆಟ್ಟ ಯಂತ್ರದ ಭಾಗ ಮಾರುವ ಅಂಗಡಿಯವನು ಮಾಸ್ತರರನ್ನು ಮೇಲಿಂದ ಕೆಳಗೆ ನೋಡಿ ಯಾವ ಯಂತ್ರಕ್ಕೆ ಎಂದು ಕೇಳಿದ. ಕಾರಿಗೆ ಎಂದರು ಇವರು.

"ಗಾಡೀ ಪರ್ ಭರತ್‌ಕಾಮ್ ಕರ್ಶೋ, ಸಾಹೇಬ್?" ಎಂದ ಅವನು. ಕಾರಿನ ಮೇಲೆ ಕಸೂತಿ ಹಾಕುತ್ತೀರಾ ಎಂದು.

ಮಾಸ್ತರರು ನಗಲಿಲ್ಲ. ಕೈ ಚಾಚಿ ಅತ್ತಿತ್ತ ವಾಲಿಸಿದರು. ಆಮೇಲೆ ನನಗೆ ಕನ್ನಡದಲ್ಲಿ, "ಸೂಜಿಗೆ ಎಲ್ಲಿ ಹೋಗಬೇಕು ಅಂತ ಹೇಳೂ ಮೋಟಾರು ಗಾಲಿಗೂ ಹೇಳ್ತದ. ಅಂವ ಹೇಳಿದ್ದು ಬರೋಬರಿ ಅದ" ಅಂದರು.

ಹಿಂದಿನ ಚಕ್ರ ಯಾಕೆ ತಿರುಗಬೇಕು? ನನಗೆ ಈ ಸಂಶಯ ಬಹಳ ದಿನ ಇತ್ತು. ಅದನ್ನು ಅವರು ಬಿಡಿಸಿದ್ದು ನಮ್ಮ ಹೋಟೆಲಿನಲ್ಲೇ. ಇಬ್ಬರು ಸಪ್ಲಾಯರುಗಳು ಉದ್ದನೆಯ ಬೆಂಚನ್ನು ಹೊತ್ತು ಅಡುಗೆಮನೆಯ ಬಾಗಿಲಲ್ಲಿ ತಿರುಗಿಸುತ್ತಿದ್ದರು.

"ನೋಡ್ಪಾ ತಮ್ಮಾ. ಮುಂದಿನಾಂವ ಎಡಕ್ಕ ಹೊಳ್ಳಿದಾ, ಹಿಂದಿನಾಂವ ಬಲಕ್ಕ ಸರದಾ. ಅದಕ್ಕ ಇಷ್ಟ ಸಣ್ಣ ಜಾಗಾದಾಗ ಬೆಂಚು ಹೊಳ್ಳಿತು. ಇಬ್ಬರೂ ಎಡಕ್ಕ ಹೋಗಿದ್ರ?"

"ಗೋಡೆಗೆ ಬಡೀತಿತ್ತು."

"ಹೌದಿಲ್ಲೋ. ಈಗ ಇಬ್ಬರೂ ಬೆಂಚು ಹೊತಗೊಂಡು ಓಡಲಿಕ್ಹತ್ಯಾರ ಅನ್ನು. ಎದುರಿಗೆ ಒಂದು ಆಕಳು ಬಂತು. ಮುಂದಿನಾಂವ ಎಡಕ್ಕ ತಪ್ಪಿಸಿದಾ, ಹಿಂದಿನಾಂವ ಆಗೂ ಬಲಕ್ಕ ಹೋದ್ರ?"

"ಬೆಂಚು ಗಿರಕಿ ಹೊಡೆದು ಇಬ್ಬರೂ ಬೀಳ್ತಾರೆ."

"ಅದಕ್ಕ ಓಡೂಮುಂದ ಇಬ್ಬರೂ ಒಂದ ಕಡೆ ಸರೀಬೇಕು. ನಿಧಾನಕ್ಕ ಎದುರು, ಜೋರಿಗೆ ಜೊತಿ. ಯಾವಾಗ ಯಾವುದು ಅಂತ ಕಂಪ್ಯೂಟರ್ ಹೇಳ್ತದ. ಇಷ್ಟ."

"ನಿಧಾನವೂ ಅಲ್ಲ, ಜೋರೂ ಅಲ್ಲ, ನಡುವೆ ಇದ್ದರೆ?"

ಕೈ ಬಂತು. ಎಡಕ್ಕೆ, ಬಲಕ್ಕೆ, ಎಡಕ್ಕೆ. "ಅಲ್ಲೇ ತ್ರಾಸು ಅದ. ನಡುವ ಹಿಂದಿನಾಂವಗ ಏನ್ ಮಾಡಬೇಕು ತಿಳಿಯೂದಿಲ್ಲ. ತಿಳೀದಿದ್ದಾಗ ಸುಮ್ಮ ಇರಬೇಕು. ಇವಂಗ ಸುಮ್ಮ ಇರಲಿಕ್ಕೆ ಬರೂದಿಲ್ಲ."

ಆ ಕಾರಿನಲ್ಲಿ ಮೊದಲ ದಿನ ನನ್ನ ಅವಸ್ಥೆ ಹೇಳತೀರದು. ಶೆಡ್ಡಿನಿಂದ ಹೊರಗೆ ತೆಗೆಯುವಾಗ ಮೂತಿ ಎಡಕ್ಕೆ ಸಲೀಸಾಗಿ ಹೊರಟಿತು, ಬಾಲ ಬಲಕ್ಕೆ ಬೀಸಿ ಗೋಡೆಗೆ ಒರಸಿತು. ವೇಗದಲ್ಲಂತೂ ಇನ್ನೂ ವಿಚಿತ್ರ. ಸ್ಟಿಯರಿಂಗ್ ತಿರುಗಿಸುತ್ತೇನೆ, ಕಾರು ತಿರುಗಿದ ಹಾಗೇ ಅನ್ನಿಸುವುದಿಲ್ಲ; ಆದರೆ ನೋಡಿದರೆ ಪಕ್ಕದ ದಾರಿಯಲ್ಲಿದ್ದೇನೆ. ನಮ್ಮೂರ ಕಡಲತಡಿಯಲ್ಲಿ ಏಡಿ ಓಡುತ್ತದಲ್ಲ, ಮುಖ ಒಂದು ಕಡೆ, ಹೋಗುವುದು ಇನ್ನೊಂದು ಕಡೆ, ಹಾಗೆ. ಇಪ್ಪತ್ತನೇ ವಯಸ್ಸಿನಿಂದ ಕೈಗೆ ಹತ್ತಿದ ವಿದ್ಯೆ ಈ ಕಾರಿನಲ್ಲಿ ನನ್ನ ಶತ್ರುವಾಗಿತ್ತು. "ಮಾಸ್ತರೇ, ಇದು ಎಂತ ಮಾಡ್ತದೆ ಅಂತಲೇ ನನಗೆ ಗೊತ್ತಾಗುವುದಿಲ್ಲ" ಎಂದರೆ, "ನನಗೂ ತಿಳಿಯೂದಿಲ್ಲಪಾ. ಅದಕ್ಕ ಸಾರು ಇಟ್ಟೇನಿ" ಎನ್ನುತ್ತಿದ್ದರು.

ಅವರ ಪರೀಕ್ಷೆ ಸಾರಿನದು. ದುಡ್ಡಿನ ಉಪಕರಣಗಳು ಕಾಲೇಜಿನಲ್ಲಿ ಇರಲಿಲ್ಲ. ಪಾತ್ರೆಯ ಒಳಗೆ ಒಂದು ಗೀರು, ಅಲ್ಲಿಯ ತನಕ ಸಾರು. ಪಾತ್ರೆಯ ಕೆಳಗೆ ಬಿಳಿ ಪಂಚೆಯ ತುಂಡು, ಅದರ ಮೇಲೆ ಪೆನ್ಸಿಲಿನ ಚೌಕಗಳು. ಓಡುವಾಗ ಮುಚ್ಚಳ ತೆಗೆದಿರಬೇಕು. ಡಬ್ಬಗಳ ನಡುವೆ ಹಾವಿನಂತೆ ಮೂವತ್ತರಿಂದ ಐವತ್ತೈದಕ್ಕೆ ವೇಗ ಏರಿಸುತ್ತಾ ಓಡಿಸಬೇಕು. ಒಮ್ಮೆ ಹಿಂದಿನ ಚಕ್ರ ಎಡಬಲ ತಿರುಗದಂತೆ ಚಿಲಕ ಹಾಕಿ, ಇನ್ನೊಮ್ಮೆ ಬಿಟ್ಟು. ಎಷ್ಟು ಚೌಕ ಹಳದಿಯಾಯಿತು ಎಂಬುದೇ ಫಲಿತಾಂಶ. ನೀರು ಯಾಕಾಗದು ಎಂದು ಹೇಮಾ ಕೇಳಿದ್ದಳು. "ನೀರು ಒಣಗಿ ಹೋಗ್ತದವಾ. ಸಾರು ಸಾಕ್ಷಿ ಬಿಡ್ತದ" ಎಂದಿದ್ದರು. ಆ ಬಟ್ಟೆಗಳನ್ನು ಅವರು ಒಗೆಯುತ್ತಿರಲಿಲ್ಲ. ಮೂಲೆಯಲ್ಲಿ ತಾರೀಖು, ವೇಗ, ಓಡಿಸಿದವನ ಹೆಸರು ಬರೆದು ಶೆಡ್ಡಿನ ತಂತಿಗೆ ಸಾಲಾಗಿ ನೇತುಹಾಕುತ್ತಿದ್ದರು. ಒಳಗೆ ಹೋದರೆ ಇಂಗಿನ ವಾಸನೆ. ಕಾಲೇಜಿನ ಹೊಸ ಪ್ರಾಧ್ಯಾಪಕರೊಬ್ಬರು ಇದು ಲ್ಯಾಬೋ ಮೆಸ್ಸೋ ಎಂದು ಕೇಳಿ ಹೋಗಿದ್ದರಂತೆ.

ಮೂರು ವರ್ಷದ ಬಟ್ಟೆಗಳಲ್ಲಿ ಹಳದಿ ಕಡಿಮೆಯಾಗುತ್ತ ಬಂದಿತ್ತು. ಆದರೆ ಶೇಠರು ಬರುವ ಹಿಂದಿನ ಭಾನುವಾರ ಎಲ್ಲ ತಲೆಕೆಳಗಾಯಿತು. ನಲವತ್ತರ ಆಸುಪಾಸಿನಲ್ಲಿ ಹಿಂದಿನ ಚಕ್ರ ಎದುರೋ ಜೊತೆಯೋ ತೀರ್ಮಾನವಾಗದೆ ನಾಯಿ ಬಾಲದಂತೆ ಅಲ್ಲಾಡಿತು. ಚಿಲಕ ಹಾಕಿದ್ದಾಗಿನದಕ್ಕಿಂತ ಹೆಚ್ಚು ಸಾರು ಚೆಲ್ಲಿತು. ಹೇಮಾ ಅಳುಮುಖ ಮಾಡಿಕೊಂಡು, "ಸರ್, ಪ್ರೋಗ್ರಾಮ್ ಪೂರಾ ಬದಲ್ ಮಾಡ್ತೀನಿ ನೇ, ಒಂದು ವಾರ ಕೊಡಿ" ಎಂದಳು. ವಾರವಿಡೀ ಕೂತು ಬರೆದಳು. ನಡುವಿನ ವೇಗದಲ್ಲಿ ಹಿಂದಿನ ಚಕ್ರ ಸುಮ್ಮನಿರಬೇಕು, ಆಮೇಲೆ ಮೆಲ್ಲಗೆ ಒಂದು ಕಡೆಗೆ ಬರಬೇಕು, ಹಾಗೆ. ಆದರೆ ಓಡಿಸಿ ನೋಡಲು ಸಮಯ ಸಿಗಲಿಲ್ಲ. ಶನಿವಾರ ಸಂಜೆಯ ತನಕ ಮೋಟಾರಿನ ಬೆಲ್ಟು ಬಿಚ್ಚಿ ಕೂತಿತ್ತು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಭಾನುವಾರ ಬೆಳಿಗ್ಗೆ ನಾನು ಅಡುಗೆಮನೆಗೆ ಹೋಗಿ, "ಭಟ್ರೆ, ಎರಡನೇ ಪಾತ್ರೆಯ ಸಾರಿಗೆ ಎರಡು ಹಿಡಿ ಬೇಳೆ ಹೆಚ್ಚು ಮಸೆದು ಹಾಕಿ. ಸ್ವಲ್ಪ ಅಕ್ಕಿಹಿಟ್ಟೂ ಇರಲಿ" ಎಂದೆ.

"ಸಾರಿಗೆ ಅಕ್ಕಿಹಿಟ್ಟಾ? ನನ್ನ ಅಪ್ಪಯ್ಯ ಮೇಲಿಂದ ಸೌಟು ಬಿಸಾಡ್ತಾರೆ ಮಾರಾಯ!"

"ಮಾಸ್ತರ ಕಾರಿಗೆ."

ಭಟ್ಟರು ಸೌಟು ಕೆಳಗಿಟ್ಟರು. "ಚೆಲ್ಲಬಾರದು ಅಂತಲಾ? ಹಾಗಾದ್ರೆ ಮೂರು ಹಿಡಿ ಹಾಕುವ" ಎಂದರು.

ಮೊದಲ ಓಟ ಚಿಲಕ ಹಾಕಿ, ತೆಳು ಸಾರಿನಲ್ಲಿ. ಹತ್ತು ಡಬ್ಬ ದಾಟುವಷ್ಟರಲ್ಲಿ ಅರ್ಧ ಪಾತ್ರೆ ಬಟ್ಟೆಯ ಮೇಲಿತ್ತು. ಶೇಠರು ಬಗ್ಗಿ ನೋಡಿ ಅರರೇ ಎಂದರು. ಎರಡನೆಯ ಓಟಕ್ಕೆ ಮಾಸ್ತರರು ಚಿಲಕ ತೆಗೆದರು, ಹೇಮಾ ಸ್ವಿಚ್ಚು ಹಾಕಿದಳು, ಭಟ್ಟರು ಎರಡನೆಯ ಪಾತ್ರೆ ಇಟ್ಟು ಮುಚ್ಚಳ ತೆಗೆದು ಬೇಗ ಹಿಂದೆ ಸರಿದರು. ನಾನು ಹೊರಟೆ. ಕಾರು ಹೇಗಿತ್ತು ಎಂದು ಎಷ್ಟೋ ಸಲ ನೆನಪು ಮಾಡಿಕೊಂಡಿದ್ದೇನೆ. ನಲವತ್ತರಲ್ಲಿ ಬಾಲ ಅಲ್ಲಾಡಿತೋ ಇಲ್ಲವೋ? ನನ್ನ ಕಿವಿ ಪೂರ್ತಿ ಹಿಂದಿನ ಪಾತ್ರೆಯ ಮೇಲಿತ್ತು. ಕೈಗೆ ಏನು ತಿಳಿಯಿತೆಂದು ನಾನು ಗಮನಿಸಲೇ ಇಲ್ಲ.

ಬಟ್ಟೆಯ ಮೇಲೆ ಬಿದ್ದದ್ದು ಒಂದು ಅಂಗೈ ಅಗಲದ ಕಲೆ.

"ಸರಸ್! ಬಹು ಸರಸ್!" ಎಂದು ಶೇಠರು ಚಪ್ಪಾಳೆ ತಟ್ಟಿದರು. ಅವರ ಎಂಜಿನಿಯರು ಫೈಲು ತೆರೆದ. ಮಾವ ನನ್ನ ಬೆನ್ನಿಗೆ ಒಂದು ಗುದ್ದಿದರು. ಹೇಮಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

ಮಾಸ್ತರರು ಮಾತ್ರ ಬಟ್ಟೆಯ ಮೇಲೆ ಬಗ್ಗಿದವರು ಏಳಲಿಲ್ಲ. ಕಲೆಯ ಅಂಚನ್ನು ಉಗುರಿನಿಂದ ಮುಟ್ಟಿದರು. ತೆಳು ಸಾರು ಬಟ್ಟೆಗೆ ಬಿದ್ದರೆ ಹೀರಿಕೊಂಡು ಅಂಚು ಮಸುಕಾಗುತ್ತದೆ. ಇದು ಮೇಲೆ ಗಡ್ಡೆಯಾಗಿ ಕೂತಿತ್ತು. ಮೂರು ವರ್ಷ ಕಲೆ ನೋಡಿದ ಕಣ್ಣು ಅದು, ನನಗೆ ಆ ಬುದ್ಧಿ ಹೋಗಲಿಲ್ಲ. ಎದ್ದು ಸೌಟು ಕೇಳಿದರು. ಪಾತ್ರೆಯಿಂದ ಒಂದು ಸೌಟು ಎತ್ತಿ ಎತ್ತರದಿಂದ ಮೆಲ್ಲಗೆ ಬಿಟ್ಟರು. ಅದು ಹರಿಯಲಿಲ್ಲ, ಬಿತ್ತು.

"ನಹೀಂ ಗಣಾಯ್" ಎಂದರು. ಇದು ಲೆಕ್ಕಕ್ಕೆ ಬರುವುದಿಲ್ಲ ಎಂದು.

ಶೇಠರಿಗೆ ಅರ್ಥವಾಗಲಿಲ್ಲ. "ಕೇಮ್?" ಎಂದರು.

"ರಸೋ ಜಾಡೋ ಛೇ." ಸಾರು ದಪ್ಪ ಇದೆ.

"ಅರೇ ಮಾಸ್ತರ್, ಜಾಡೋ ಹೋಯ್ ತೋ ವಧಾರೇ ಮಜಾ!" ಎಂದು ಶೇಠರು ನಕ್ಕರು. ದಪ್ಪ ಇದ್ದರೆ ಇನ್ನೂ ಮಜವಲ್ಲವೇ ಎಂದು. ಅವರ ಮನೆಯ ದಾಳು ಎಷ್ಟು ದಪ್ಪ ಎಂದು ಎಂಜಿನಿಯರಿಗೆ ವರ್ಣಿಸಿದರು. ಮಾಸ್ತರರು ಮತ್ತೆ ನಹೀಂ ಗಣಾಯ್ ಎಂದರು. ಹೋಟೆಲಿನಿಂದ ತೆಳು ಸಾರು ತರಿಸುತ್ತೇನೆ, ಒಂದು ಗಂಟೆ ಕೂರಿ, ಮತ್ತೆ ಓಡಿಸೋಣ ಎಂದರು. ಶೇಠರ ನಗು ನಿಧಾನಕ್ಕೆ ಇಳಿಯಿತು. ಒಳ್ಳೆಯ ಫಲಿತಾಂಶ ಬಂದ ಮೇಲೆ ತನ್ನ ಕಾರನ್ನೇ ಬೇಡವೆನ್ನುವವನನ್ನು ಅವರು ಅದಕ್ಕೆ ಮೊದಲು ಕಂಡಿರಲಿಕ್ಕಿಲ್ಲ. ಇದರಲ್ಲಿ ಏನೋ ದೋಷವಿದೆ, ಇವರಿಗೆ ಮಾತ್ರ ಗೊತ್ತಿದೆ ಎಂದುಕೊಂಡರೋ ಏನೋ. ಮಧ್ಯಾಹ್ನ ಸೂರತ್ತಿನಲ್ಲಿ ಕೆಲಸವಿದೆ, ಫೋನು ಮಾಡುತ್ತೇನೆ ಎಂದು ಹೊರಟರು.

ಶೇಠರ ಕಾರಿನ ಧೂಳು ಅಡಗಿತು. ಮೊದಲು ಬಾಯಿ ಬಿಟ್ಟವರು ಮಾವ. "ಎಂತದು ಮಾಸ್ತರೇ ಇದು? ಕೈಗೆ ಬಂದದ್ದನ್ನು ನೀವೇ..."

ಮಾಸ್ತರರು ಕೈ ಚಾಚಿದರು. ಆ ಕೈ ವಾಲಲಿಲ್ಲ. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು ಕೆಳಗಿಳಿಸಿದರು. ಯಾರು ಮಾಡಿದ್ದು ಎಂದು ಕೇಳಲಿಲ್ಲ. ಭಟ್ಟರ ಕಡೆ ನೋಡಲಿಲ್ಲ, ನನ್ನ ಕಡೆ ನೋಡಲಿಲ್ಲ. ಎರಡೂ ಬಟ್ಟೆಗಳನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು, "ಡಬ್ಬಿ ಎತ್ತರಿ, ಎಮ್ಮಿ ಬರೂ ಹೊತ್ತಾತು" ಎಂದರು.

ಫೋನು ಬರಲಿಲ್ಲ. ಮರುದಿನ ಅವರು ಎಂದಿನಂತೆ ಹೋಟೆಲಿಗೆ ಬಂದು ಇಡ್ಲಿ ತಿಂದರು, ಸಾರು ಕುಡಿದರು. ನಾನು ಅವರ ಎದುರಿಗೆ ಹೋಗಿ ನಿಂತೆ. ಹೇಳಬೇಕೆಂದೇ ಹೋಗಿದ್ದು. "ಏನ್ಪಾ ತಮ್ಮಾ?" ಎಂದರು. "ಇನ್ನೊಂದು ಸಾರು ಬೇಕಾ?" ಎಂದು ಕೇಳಿ ವಾಪಸು ಬಂದೆ. ತಿಂಗಳು ಮುಗಿಯಿತು. ಕಸೂತಿಯ ಮೋಟಾರು ಬಿಚ್ಚಿಕೊಂಡ ಆ ಕಾರನ್ನು ಗುಜರಿಯವನ ತನಕ ನನ್ನ ವ್ಯಾನಿಗೆ ಕಟ್ಟಿ ಎಳೆದುಕೊಂಡು ಹೋದವನೂ ನಾನೇ. ಹಿಂದಿನ ಚಕ್ರಕ್ಕೆ ಅವರೇ ಕೈಯಾರೆ ಚಿಲಕ ಹಾಕಿಕೊಟ್ಟರು. ತಿರುವಿನಲ್ಲಿ ಹುಷಾರು ಎಂದರು.

ಅವರಿಗೆ ಗೊತ್ತಿತ್ತೇ? ಗೊತ್ತಿದ್ದರೆ ಯಾಕೆ ಬೈಯಲಿಲ್ಲ? ಗೊತ್ತಿಲ್ಲದಿದ್ದರೆ ಯಾಕೆ ವಿಚಾರಿಸಲಿಲ್ಲ? ಆಮೇಲೆ ನಾನು ಹಜೀರಾದ ಕಾಲನಿಗಳಿಗೆ ಊಟ ಕೊಡುವ ಸ್ವಂತ ಕೆಲಸ ಹಿಡಿದು ಸೂರತ್ತಿಗೆ ಬಂದೆ. ಹೇಮಾ ಅಹ್ಮದಾಬಾದಿನಲ್ಲಿ ಮಕ್ಕಳಿಗೆ ಕಂಪ್ಯೂಟರ್ ಟ್ಯೂಷನ್ ಹೇಳುತ್ತಾಳೆ. ಕಾರಿನ ಕಂಪನಿಗಳಿಗೆ ಅರ್ಜಿ ಹಾಕು ಎಂದು ಮಾವ ಎಷ್ಟು ಹೇಳಿದರೂ, ಆ ಕೆಲಸ ನನಗೆ ಆವಡತು ನಥೀ, ನನಗೆ ಬರುವುದಿಲ್ಲ ಎನ್ನುತ್ತಾಳೆ. ಯಾಕೆ ಹಾಗೆನ್ನುತ್ತಾಳೆಂದು ನಾನು ಯೋಚಿಸಿದವನೇ ಅಲ್ಲ.

ಸುದ್ದಿ ಕೇಳಿ ವಡೋದರಾಕ್ಕೆ ಹೋದಾಗ ಮಾಸ್ತರರ ಹೆಂಡತಿ ಒಳಗಿನಿಂದ ಒಂದು ಗಂಟು ತಂದಿಟ್ಟರು. "ಯಾರಿಗೆ ಕೊಡು ಅಂತೇನೂ ಹೇಳಿಲ್ಲಪಾ. ನಿಮ್ಮ ಹೋಟೆಲಿನ ಸಾರಿನ ಕಲೆ, ನೀನ ಒಯ್ಯಿ. ಅರಿವಿ ಕಪಾಟು ತುಂಬ ಇಂಗು ನಾರ್ತದ" ಎಂದರು.

ಸೂರತ್ತಿಗೆ ಬಂದು ಗಂಟು ಬಿಚ್ಚಿದೆ. ಎಲ್ಲಕ್ಕಿಂತ ಮೇಲೆ ಆ ಭಾನುವಾರದ ಎರಡು ಬಟ್ಟೆ. ಮೊದಲನೆಯದರಲ್ಲಿ ತಾರೀಖು, ವೇಗ, ಓಡಿಸಿದವನೆಂದು ನನ್ನ ಹೆಸರು. ಎರಡನೆಯದರಲ್ಲಿ "ಸಾರು ದಪ್ಪ, ಲೆಕ್ಕಕ್ಕಿಲ್ಲ" ಎಂದಿತ್ತು. ಓಡಿಸಿದವನ ಹೆಸರಿನ ಜಾಗ ಖಾಲಿ ಬಿಟ್ಟಿದ್ದರು. ಅವುಗಳ ಅಡಿಯಲ್ಲಿ ನಾನು ಕಂಡಿರದ ಮೂರನೆಯದೊಂದು. ಆ ಓಟದ ಮುಂದಿನ ಭಾನುವಾರದ ತಾರೀಖು. ಚಿಲಕ ಇಲ್ಲ, ಐವತ್ತೈದು, ಸಾರು ತೆಳು. ಓಡಿಸಿದವರು: "ನಾನೇ" ಎಂದು ಮಾಸ್ತರರ ಅಕ್ಷರ. ಸ್ಕೂಟರನ್ನು ಸೈಕಲಿಗಿಂತ ನಿಧಾನ ಓಡಿಸುತ್ತಿದ್ದ ಮನುಷ್ಯ ಅವರು. ಆ ಬಟ್ಟೆಯಲ್ಲಿ ಹಳದಿಯಾಗಿದ್ದದ್ದು ಒಂದೂವರೆ ಚೌಕ. ಅಂಚು ಮಸುಕಾಗಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, "ಒಮ್ಮೆ ಮಾತ್ರ. ಇನ್ನೂ ಹತ್ತು ಸಲ ನೋಡಬೇಕು."

ಊರಿಗೆ ಹೋಗಿ ನಿಂತಿರುವ ಭಟ್ಟರಿಗೆ ಫೋನು ಮಾಡಿದೆ. "ಹೌದು, ಒಂದು ಪಾತ್ರೆ ತೆಳು ಸಾರು ಕೇಳಿ ತಕೊಂಡು ಹೋಗಿದ್ರು. ತಿನ್ನಲಿಕ್ಕೆ ಅಂತ ನಾನು ಎಣಿಸಿದ್ದೆ ಮಾರಾಯ" ಎಂದರು.

ಆಮೇಲೆ ಹೇಮಾಗೆ ಮಾಡಿದೆ. ಮೂರು ಹಿಡಿ ಬೇಳೆಯ ವಿಷಯ ಹೇಳಿದೆ, ಮೂರನೆಯ ಬಟ್ಟೆಯ ವಿಷಯ ಹೇಳಿದೆ. ಫೋನು ಕಟ್ಟಾಯಿತೆಂದು ಎರಡು ಸಲ ಹಲೋ ಎಂದೆ.

"ಭಾವ" ಎಂದಳು ಕೊನೆಗೆ. "ಸರ್ ಆವತ್ತು ನಹೀಂ ಗಣಾಯ್ ಅಂದ್ರಲ್ಲ, ನಾನು ಇಷ್ಟು ವರ್ಷ ಸೋಚ್ತಾ ಇದ್ದೆ, ನನ್ನ ಪ್ರೋಗ್ರಾಮ್‌ದು ತಪ್ಪು ಸರ್‌ಗೆ ದಿಖಾಯಿತು, ನನ್ನ ಇಜ್ಜತ್ ಉಳಿಸ್ಲಿಕ್ಕೆ ಸಾರು ಸಾರು ಅಂತಾರೆ ಅಂತ."

ನಾನು ಮೂರನೆಯ ಬಟ್ಟೆಯನ್ನು ಮತ್ತೆ ಬಿಡಿಸಿಕೊಂಡೆ.

"ಒಂದೂವರೆ ಚೌಕ ಅಂದ್ರಿ ನೇ? ಸರಿಯಾಗಿ ಗಣಿಸಿದ್ರಾ?"

ಮತ್ತೆ ಎಣಿಸಿದೆ. ಒಂದೂವರೆಯೇ ಎಂದೆ.

ಮುಂದಿನ ಭಾನುವಾರ ಅವಳು ಬೆಳಗಿನ ರೈಲಿಗೆ ಸೂರತ್ತಿಗೆ ಬಂದಳು. ತಿಂಡಿ ಬೇಡವೆಂದಳು. ಮೂರನೆಯ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು, ಮಡಚಿ ಚೀಲಕ್ಕೆ ಹಾಕಿಕೊಂಡಳು, ಮಧ್ಯಾಹ್ನದ ರೈಲಿಗೆ ವಾಪಸು ಹೋದಳು.